ಎರಡನೇ ಚರಣದ ಬಾಗಿಲಲ್ಲಿ ಎಫ್

ಗಿಟಾರ್ ಮೇಷ್ಟ್ರಿಗೆ ಹಾಡಿನ ಮಾತುಗಳು ಕೇಳಿಸುತ್ತಿರಲಿಲ್ಲ. ಕಿವಿಗೆ ಏನೂ ಆಗಿರಲಿಲ್ಲ. ಮಹಡಿಯಲ್ಲಿ ಕೂತು, ಕೆಳಗಿನ ಔಷಧಿ ಅಂಗಡಿಯ ಫ್ರಿಜ್ಜು ಯಾವ ಶ್ರುತಿಯಲ್ಲಿ ಗುಂಯ್‌ಗುಡುತ್ತಿದೆ ಎಂದು ಹೇಳಬಲ್ಲ ಕಿವಿ ಅದು. ಆದರೆ ಯಾರಾದರೂ ಎದೆ ಬಿರಿಯುವಂತೆ ಹಾಡುತ್ತಿರುವಾಗ, ಮಿಕ್ಕವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಮೇಷ್ಟ್ರು ಬೆರಳು ಮಡಚುತ್ತಾ "ಸಿ, ಎ ಮೈನರ್, ಜಿ, ಮತ್ತೆ ಸಿ" ಎಂದು ಗಿಟಾರಿನಲ್ಲಿ ಒತ್ತುವ ಕಾರ್ಡ್‌ಗಳ ಲೆಕ್ಕ ಹಾಕುತ್ತಿದ್ದರು. ಗೆಳೆಯನೊಬ್ಬನ ಅಂತ್ಯಸಂಸ್ಕಾರದ ದಿನ ಯಾರೋ ಹಾಡಿದ ಹಾಡನ್ನು ಕೇಳಿ, ಅವನ ಹೆಂಡತಿಯ ಹತ್ತಿರ ಹೋಗಿ, "ಒಳ್ಳೇ ಹಾಡಮ್ಮ, ಇಡೀ ಹಾಡಿಗೆ ಕಷ್ಟದ ಕಾರ್ಡ್ ಒಂದೇ ಒಂದು" ಎಂದು ಸಮಾಧಾನ ಹೇಳಿ ಬಂದಿದ್ದರು. ಅದನ್ನು ಅವರ ಅಕ್ಕ ಇವತ್ತಿಗೂ ಮರೆತಿಲ್ಲ. ಅವರಿಗೂ ಮರೆಯಲು ಬಿಟ್ಟಿಲ್ಲ.

ಮೇಷ್ಟ್ರ ತರಗತಿ ನಡೆಯುತ್ತಿದ್ದುದು ಒಂದು ಸಪೂರ ಕಟ್ಟಡದ ತುದಿಯಲ್ಲಿ. ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಅಂಗಡಿಯಮ್ಮನ ಮನೆ, ಮನೆಯ ಮೇಲೆ ಮೇಷ್ಟ್ರ ಕೋಣೆ. ಕಟ್ಟಡ ಅಂಗಡಿಯಮ್ಮನದು. ಆಕೆ ಕೋಣೆಯನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟದ್ದಕ್ಕೆ ಕಾರಣ ಸಂಗೀತವಲ್ಲ, ಗಂಡ. ಆತ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು; ಬೀದಿಗೆಲ್ಲ ಮೀಟರಣ್ಣ. ದಿನವಿಡೀ ಅವರಿವರ ಹಿತ್ತಲಲ್ಲಿ ಬಗ್ಗಿ ಅಂಕಿ ಓದಿದ್ದು ಸಾಲದೆಂಬಂತೆ, ಸಂಜೆ ಅಂಗಡಿಗೆ ಬಂದು ಔಷಧಿ ಡಬ್ಬಿಗಳ ಮೇಲಿನ ಅಂಕಿಗಳನ್ನೂ ಗಟ್ಟಿಯಾಗಿ ಓದುತ್ತಾ ನಿಲ್ಲುತ್ತಿದ್ದ.

"ಇವರನ್ನ ಸಂಜೆ ಹೊತ್ತು ನಿಮ್ಮ ಹತ್ರ ಕೂರಿಸ್ಕೊಳ್ಳಿ ಮೇಷ್ಟ್ರೇ. ಕೋಣೆ ನಿಮ್ಮದು ಅಂದ್ಕೊಳ್ಳಿ" ಎಂದಿದ್ದಳು ಅಂಗಡಿಯಮ್ಮ. ಅಂದಿನಿಂದ ಮೀಟರಣ್ಣ ಗಿಟಾರ್ ವಿದ್ಯಾರ್ಥಿ, ಅಂಗಡಿಯಲ್ಲಿ ಶಾಂತಿ.

ಮೇಷ್ಟ್ರ ವಿದ್ಯಾರ್ಥಿಗಳೆಲ್ಲ ದೊಡ್ಡವರು. ಮೀಟರಣ್ಣನಲ್ಲದೆ ಒಬ್ಬ ಹಲ್ಲಿನ ಡಾಕ್ಟರು, ಸಿಟಿ ಬಸ್ ಓಡಿಸುವ ಒಬ್ಬ ಹೆಂಗಸು, ಇನ್ನೂ ಕೆಲವರು. ಎಲ್ಲರೂ ಮಧ್ಯಮ ದರ್ಜೆಯವರು. ಮಧ್ಯಮ ದರ್ಜೆ ಎಂದರೇನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹೊಸಬರಿಗೆ ಏನೂ ಬಾರದು, ನುರಿತವರಿಗೆ ಎಲ್ಲವೂ ಬರುತ್ತದೆ; ಮಧ್ಯಮ ದರ್ಜೆಯವರಿಗೆ ಎಫ್ ಒಂದನ್ನು ಬಿಟ್ಟು ಎಲ್ಲವೂ ಬರುತ್ತದೆ. ಕೆಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಮೀಟಿದರೆ ಅದು ಕಾರ್ಡ್. ಮಿಕ್ಕ ಕಾರ್ಡ್‌ಗಳಿಗೆ ಎರಡು ಮೂರು ಬೆರಳತುದಿ ಸಾಕು. ಎಫ್‌ಗೆ ಮಾತ್ರ ತೋರುಬೆರಳನ್ನು ಆರೂ ತಂತಿಗಳ ಮೇಲೆ ಬಾಗಿಲ ಅಗುಳಿಯಂತೆ ಅಡ್ಡ ಹಾಕಿ ಅದುಮಬೇಕು, ಉಳಿದ ಬೆರಳುಗಳು ಮುಂದೆ ಹೋಗಿ ಬೇರೆ ಕೆಲಸ ಮಾಡಬೇಕು. ಹಾಗೆ ಮಾಡಿದಾಗ ಪಳಗದ ಕೈಯಿಂದ ಹೊರಡುವುದು ಸ್ವರವಲ್ಲ. ಒದ್ದೆ ಟವೆಲನ್ನು ಕಲ್ಲಿಗೆ ಬಡಿದ ಸದ್ದು.

ಇದಕ್ಕೊಂದು ಸುಲಭ ದಾರಿ ಇದೆ. ಕೆಳಗಿನ ನಾಲ್ಕೇ ತಂತಿಗಳನ್ನು ಮೂರು ಬೆರಳಲ್ಲಿ ಹಿಡಿದರೆ ಚಿಕ್ಕ ಎಫ್ ಆಗುತ್ತದೆ. ಇಂಪಾಗಿಯೇ ಇರುತ್ತದೆ. ಮೇಷ್ಟ್ರೂ ಮೊದಮೊದಲು ಅದನ್ನೇ ಹೇಳಿಕೊಡುತ್ತಿದ್ದರು. ಎಲ್ಲರ ಜೀವನ ಸುಖವಾಗಿತ್ತು.

ಅಷ್ಟರಲ್ಲಿ ಮೇಷ್ಟ್ರು ಗಿಟಾರ್ ಶಿಕ್ಷಕರ ಒಂದು ಶಿಬಿರಕ್ಕೆ ಹೋಗಿಬಂದರು. ಹೋಗುವಾಗ ಮೇಷ್ಟ್ರಾಗಿದ್ದವರು ಬರುವಾಗ ಸಿದ್ಧಾಂತಿಯಾಗಿದ್ದರು. ಗಾಜು ಹಾಕಿಸಿದ ಪ್ರಮಾಣಪತ್ರ ಗೋಡೆಗೇರಿತು. ಬಾಗಿಲಿಗೆ ಹೊಸ ಬೋರ್ಡು ಬಂತು: "ವಯಸ್ಕರ ಮಧ್ಯಮ ದರ್ಜೆ. ಇಲ್ಲಿ ಪೂರ್ಣ ಎಫ್ ಮಾತ್ರ."

"ಪೂರ್ಣ ಎಫ್ ಊಟ ಇಲ್ಲಿ ಸಿಗುತ್ತೆ ಅನ್ನೋ ಹಾಗಿದೆಯಲ್ಲೋ" ಎಂದಳು ಅಕ್ಕ.

"ನಿನಗೆ ಗೊತ್ತಾಗಲ್ಲಕ್ಕ. ದೊಡ್ಡವರಿಗೆ ಹಾಡು ಆರಿಸೋದು ಒಂದು ವಿಜ್ಞಾನ. ಹಾಡಲ್ಲಿ ಕಷ್ಟದ ಕಾರ್ಡ್ ಒಂದೇ ಇರಬೇಕು. ಅದೂ ಎರಡನೇ ಚರಣದ ಬಾಗಿಲಲ್ಲೇ ಇರಬೇಕು. ಮೊದಲನೇ ಚರಣ ಸಲೀಸಾಗಿ ಬಂತು ಅಂದ್ರೆ ಆಸೆ ಹುಟ್ಟುತ್ತೆ. ಆ ಆಸೆಗೆ ಎಫ್ ಹತ್ತಿಬಿಡ್ತಾರೆ."

"ಹತ್ತದೆ ಹೋದ್ರೆ?"

"ಹತ್ತೋ ತನಕ ಮೊದಲನೇ ಚರಣ ಬಾರಿಸ್ತಿರ್ತಾರೆ."

ಈ ಕಥೆಯ ಸಕಲ ಅನಾಹುತವೂ ಈ ಒಂದು ಉತ್ತರದಲ್ಲಿತ್ತು. ಆದರೆ ಮೇಷ್ಟ್ರು ಅದನ್ನು ಹೇಳಿದ್ದು ಹೆಮ್ಮೆಯಿಂದ.

ಹಾಡುಗಳ ಆಯ್ಕೆ ನಡೆಯಿತು. ಎರಡನೇ ಚರಣದ ಬಾಗಿಲಲ್ಲಿ ಎಫ್ ಇರುವ ಹಾಡುಗಳು ಸಾಕಷ್ಟು ಸಿಕ್ಕವು. ಅವುಗಳ ಮೊದಲ ಚರಣದಲ್ಲಿ ಏನಿದೆ ಎಂದು ನೋಡುವುದು ವಿಜ್ಞಾನದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರಿಗೆ ಸಿಕ್ಕ ಹಾಡು "ತಾಳಲಾರೆ ಈ ನೋವ, ತಾಳಲಾರೆ" ಎಂದು ಶುರುವಾಗುತ್ತಿತ್ತು. ಅವರು ಅದನ್ನು ಒಬ್ಬ ರೋಗಿಗೂ ಮತ್ತೊಬ್ಬರಿಗೂ ನಡುವಿನ ಬಿಡುವಿನಲ್ಲಿ, ಒಳಕೋಣೆಯ ಬಾಗಿಲು ಹಾಕಿಕೊಂಡು ಹಾಡಿಕೊಳ್ಳುತ್ತಿದ್ದರು. ಹೊರಗೆ ಬೆಂಚಿನ ಮೇಲೆ ದವಡೆ ಹಿಡಿದು ಕೂತವರಿಗೆ "ತಾಳಲಾರೆ" ಕೇಳುತ್ತಿತ್ತು, ಆಮೇಲೆ ಒಂದು "ಥಪ್", ಆಮೇಲೆ ಮೌನ. ಡಾಕ್ಟರು ಬಾಗಿಲು ತೆರೆಯುವ ಹೊತ್ತಿಗೆ ಬೆಂಚು ಖಾಲಿ. ಬಸ್ಸಿನವರ ಹಾಡು "ದಾರಿ ತಪ್ಪಿದೆ ನಾನು" ಎಂದು ಆರಂಭವಾಗುತ್ತಿತ್ತು. ಸ್ಟೇರಿಂಗ್ ಹಿಡಿದು ಅದನ್ನು ಗುನುಗಿದ ದಿನ ಪ್ರಯಾಣಿಕರು ಏನೆಂದರು ಎಂಬ ವಿವರಕ್ಕೆ ಇಲ್ಲಿ ಜಾಗವಿಲ್ಲ.

ಮೀಟರಣ್ಣನಿಗೆ ಸಿಕ್ಕಿದ್ದು ಹೀಗಿತ್ತು:

"ಹೊರಟೆ ನಾನು ಹೊರಟೆ, ಬೀಗದ ಕೈ ಮೊಳೆಗೆ ಹಾಕಿ,
ಇನ್ನು ನನ್ನ ಚಪ್ಪಲಿ ಸದ್ದು ನಿನ್ನ ಮೆಟ್ಟಿಲಿಗಿಲ್ಲ."

ಸಿ, ಎ ಮೈನರ್, ಜಿ, ಮತ್ತೆ ಸಿ. ಆಮೇಲೆ ಎಫ್.

ಮೀಟರಣ್ಣ ನಿಷ್ಠೆಯ ಮನುಷ್ಯ. ಸಂಜೆ ತರಗತಿ ಮುಗಿಸಿ, ಒಂದು ಮಹಡಿ ಇಳಿದು, ಮನೆಯ ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. "ಹೊರಟೆ ನಾನು ಹೊರಟೆ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದ. ಚಪ್ಪಲಿ ಸದ್ದು ಮೆಟ್ಟಿಲಿಗಿಲ್ಲ ಎಂಬುದನ್ನು ವಿಶೇಷ ಭಾವದಿಂದ ಎಳೆಯುತ್ತಿದ್ದ. ಆಮೇಲೆ "ಥಪ್". ಒಂದು ನಿಟ್ಟುಸಿರು. ಮತ್ತೆ ಮೊದಲಿನಿಂದ "ಹೊರಟೆ ನಾನು ಹೊರಟೆ".

ಎದುರು ಮನೆಯ ಬಾಲ್ಕನಿಯಲ್ಲಿ ರೈಲ್ವೆ ಅಜ್ಜಿ ಕೂರುತ್ತಿದ್ದರು. ಆಕೆ ಕೆಲಸದಲ್ಲಿದ್ದಷ್ಟು ಕಾಲ ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಬರುಹೋಗು ಹೇಳಿದವರು. ನಿವೃತ್ತಿಯಾದ ಮೇಲೆ ಮೈಕು ಹೋಯಿತು, ದನಿ ಉಳಿಯಿತು. ಮೊದಲು ಆಕೆ ತರಕಾರಿಯವಳಿಗೆ ಹೇಳಿದರು, ತರಕಾರಿಯವಳು ಇಸ್ತ್ರಿ ಅಂಗಡಿಯವನಿಗೆ. ಆಮೇಲೆ ಯಾರೂ ಯಾರಿಗೂ ಹೇಳುವ ಅಗತ್ಯ ಉಳಿಯಲಿಲ್ಲ. ಅಜ್ಜಿ ನೇರವಾಗಿ ಬಾಲ್ಕನಿಯಿಂದಲೇ ಪ್ರಕಟಣೆ ಕೊಡತೊಡಗಿದರು.

"ದಯವಿಟ್ಟು ಗಮನಿಸಿ. ಮೀಟರಣ್ಣ ಇವತ್ತೂ ಹೊರಟಿದ್ದಾನೆ. ಇನ್ನೂ ಪ್ಲಾಟ್‌ಫಾರಂ ಬಿಟ್ಟಿಲ್ಲ." ಅಜ್ಜಿ ತನ್ನ ಹಾಡನ್ನು ಮೆಚ್ಚಿದ್ದಾರೆಂದುಕೊಂಡು ಮೀಟರಣ್ಣ ಕೈ ಬೀಸುತ್ತಿದ್ದ.

ಔಷಧಿ ಅಂಗಡಿಗೆ ಕೆಮ್ಮಿನ ಸಿರಪ್ಪಿಗೆ ಬಂದವರು ಅಂಗಡಿಯಮ್ಮನ ಮುಖವನ್ನು ಮರುಕದಿಂದ ನೋಡತೊಡಗಿದರು. "ಧೈರ್ಯವಾಗಿರಮ್ಮ" ಎಂದರು ಒಬ್ಬರು, ಸಿರಪ್ಪು ತೆಗೆದುಕೊಂಡು. "ನಿಮ್ಮದೇ ಅಂಗಡಿ, ನಿಮ್ಮದೇ ಕಟ್ಟಡ, ಇನ್ನೇನು ಬೇಕು ಬಿಡಿ" ಎಂದರು ಇನ್ನೊಬ್ಬರು. ತಲೆನೋವೇ ಇಲ್ಲದ ಮೂವರು ಹೆಂಗಸರು ತಲೆನೋವಿನ ಮಾತ್ರೆಗೆಂದು ಬಂದು, ಮಾತ್ರೆ ಮರೆತು, ಕತೆ ಕೇಳಲು ನಿಂತರು.

ಅಂಗಡಿಯಮ್ಮ ಗಟ್ಟಿಗಿತ್ತಿ. ಮೊದಲಿಗೆ ನಕ್ಕಳು. ಆದರೆ ಒಮ್ಮೆ ಗಮನಿಸಲು ಶುರುಮಾಡಿದರೆ ಗಂಡಂದಿರ ನಡವಳಿಕೆಯಲ್ಲಿ ಅನುಮಾನಕ್ಕೆ ಆಸ್ಪದವಿಲ್ಲದ್ದು ಯಾವುದಿದೆ? ಮೀಟರಣ್ಣ ಹೆಗಲಿಗೆ ಹಾಕುವ ಹೊಸ ಚೀಲ ತಂದಿದ್ದ, ಗಿಟಾರಿಗೆ ಅಂತ. ಹೊಸ ಶೂಸು ತಂದಿದ್ದ. ಮೀಟರ್ ಸುತ್ತಾಟಕ್ಕೆ ಅಂತ. ಹಾಸಿಗೆಯಲ್ಲಿ ಮಲಗಿ ದಿಂಬಿನ ಮೇಲೆ ಬೆರಳು ಅದುಮುತ್ತಾ ಶೂನ್ಯ ನೋಡುತ್ತಿದ್ದ. ಒಂದು ಬೆಳಗ್ಗೆ ಕಾಫಿ ಲೋಟ ಇಡುತ್ತಾ ಆಕೆ ಕೇಳಿಯೇಬಿಟ್ಟಳು.

"ಏನ್ರೀ, ಏನು ಯೋಚನೆ ಮಾಡ್ತಿದೀರಿ?"

"ಎಫ್ ಬರ್ತಾನೇ ಇಲ್ಲ ಕಣೇ. ಎಫ್ ಬಂದ್ರೆ ಮುಂದಕ್ಕೆ ಹೋಗ್ಬಿಡ್ತೀನಿ."

ಆ ದಿನ ಬಾಗಿಲ ಪಕ್ಕದ ಮೊಳೆಯಿಂದ ಬೀಗದ ಕೈ ಮಾಯವಾಗಿ ಅಂಗಡಿಯಮ್ಮನ ಸೊಂಟಕ್ಕೆ ಬಂತು. ಸಂಜೆ ಅಣ್ಣನಿಗೆ ಫೋನು ಹೋಯಿತು.

ಆಕೆಯ ಅಣ್ಣ ಕೋರ್ಟಿನ ಅಮೀನ. ಬೇರೆಯವರನ್ನು ಮನೆಯಿಂದ ಹೊರಹಾಕುವುದೇ ಅವನ ಉದ್ಯೋಗ. ತಾನಾಗಿಯೇ ಮನೆ ಬಿಡುವವನನ್ನು ಆತ ಈವರೆಗೆ ಕಂಡಿರಲಿಲ್ಲ. ಹೀಗಾಗಿ ಕುತೂಹಲದಿಂದಲೇ ಬಂದ. ನೇರ ಮೇಷ್ಟ್ರ ಕೋಣೆಗೆ ಹತ್ತಿ, ಬೋರ್ಡು ಓದಿ, ಪ್ರಮಾಣಪತ್ರ ಓದಿ, ಕುರ್ಚಿ ಎಳೆದುಕೊಂಡ.

"ನಮ್ಮ ಭಾವ ಇಲ್ಲಿಗೆ ದಿನಾ ಬರ್ತಾರೆ ಅನ್ನೋದು ನಿಜವೋ?"

"ನಿಜ" ಎಂದರು ಮೇಷ್ಟ್ರು.

"ಎಡಗೈ ಉಗುರು ಮಾತ್ರ ಕತ್ತರಿಸ್ಕೊಂಡಿದಾರೆ, ಬಲಗೈದು ಹಾಗೇ ಇದೆ. ಯಾಕೆ?"

"ಎಡಗೈಯಲ್ಲಿ ಒತ್ತಬೇಕಲ್ಲ ಸಾರ್, ಉಗುರಿದ್ರೆ ಆಗಲ್ಲ. ಬಲಗೈ ಉಗುರು ಮೀಟಕ್ಕೆ ಬೇಕು."

ಅಮೀನ ಇದನ್ನು ನಂಬಲಿಲ್ಲ. ಇಷ್ಟು ವಿಚಿತ್ರವಾದ ಕಾರಣವನ್ನು ಸುಳ್ಳುಗಾರರು ಮಾತ್ರ ಕೊಡುತ್ತಾರೆ ಎಂಬುದು ಅವನ ಅನುಭವ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ಈ ಎಫ್ ಅಂದ್ರೆ ಯಾರು?"

"ಯಾರೂ ಅಲ್ಲ, ಕಾರ್ಡ್."

"ಯಾವ ಕಾರ್ಡು? ರೇಷನ್ ಕಾರ್ಡೋ, ಎಟಿಎಮ್ಮೋ?"

"ಗಿಟಾರಿನ ಕಾರ್ಡ್ ಸಾರ್. ಎಲ್ಲರಿಗೂ ಇಷ್ಟ, ಯಾರ ಕೈಗೂ ಸಿಗಲ್ಲ. ತುಂಬಾ ಬಲವಾಗಿ ಹಿಡ್ಕೋಬೇಕು, ಅಷ್ಟೇ ಮೃದುವಾಗೂ ಇರಬೇಕು. ನಿಮ್ಮ ಭಾವ ಎಷ್ಟೋ ತಿಂಗಳಿಂದ ಅದರ ಹಿಂದೇನೇ ಬಿದ್ದಿದಾರೆ ಪಾಪ."

ಮೇಷ್ಟ್ರು ತಮ್ಮ ಬಾಳಿನಲ್ಲಿ ಎಫ್ ಬಗ್ಗೆ ಇಷ್ಟು ಚೆನ್ನಾಗಿ ಎಂದೂ ವಿವರಿಸಿರಲಿಲ್ಲ. ಅಮೀನ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಆ ಹಾಡು ಮೊದಲು ಬದಲಾಯಿಸ್ರೀ. ನನ್ನ ತಂಗಿ ಮನೆ ಬಾಲ್ಕನಿಯಲ್ಲಿ ಕೂತು ಒಬ್ಬ ಮನುಷ್ಯ ಹೊರಟೆ ಹೊರಟೆ ಅಂತ ದಿನಾ ನೋಟಿಸ್ ಕೊಡೋದು ಅಂದ್ರೇನು?"

"ಹಾಡಿನ ಮಾತಿಗೇನಿದೆ ಸಾರ್... ಆಯ್ತು, ಬದಲಾಯಿಸ್ತೀನಿ" ಎಂದರು ಮೇಷ್ಟ್ರು. ಅವರು ಜಗಳಗಂಟರಲ್ಲ. ಆ ಸಂಜೆಯೇ ವೈಜ್ಞಾನಿಕವಾಗಿ ಹುಡುಕಿ, ಎರಡನೇ ಚರಣದ ಬಾಗಿಲಲ್ಲೇ ಎಫ್ ಇರುವ ಇನ್ನೊಂದು ಹಾಡು ಕೊಟ್ಟರು. ಮೀಟರಣ್ಣ ಅದನ್ನೂ ಅಷ್ಟೇ ನಿಷ್ಠೆಯಿಂದ ಬಾಲ್ಕನಿಗೆ ಕೊಂಡೊಯ್ದ.

"ಪಂಜರದ ಬಾಗಿಲು ತೆರೆಯಿತು, ತೆರೆಯಿತು! ಇಷ್ಟು ವರುಷ ಹೇಗೆ ತಡೆದೆನೋ!"

ಥಪ್.

ಎದುರು ಬಾಲ್ಕನಿಯಲ್ಲಿ ರೈಲ್ವೆ ಅಜ್ಜಿ ಎದ್ದು ನಿಂತರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲು ನಿಂತಿತು. ಕೆಳಗೆ ಔಷಧಿ ಅಂಗಡಿಯಲ್ಲಿ ಏನೋ ಗಾಜಿನ ಸಾಮಾನು ಒಡೆಯಿತು. ಮೇಷ್ಟ್ರು ಮೇಲಿನ ಕಿಟಕಿಯಲ್ಲಿ ನಿಂತು, "ಜಿ ಇಂದ ಸಿಗೆ ಚೆನ್ನಾಗಿ ಬಂದ" ಎಂದು ಸಂತೋಷಪಟ್ಟರು.

ಮೆಟ್ಟಿಲು ಹತ್ತಿ ಬಂದದ್ದು ಮಾತ್ರ ಅಂಗಡಿಯಮ್ಮ. ಹಿಂದೆ ಅಮೀನ.

"ಮೇಷ್ಟ್ರೇ, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ."

"ಯಾಕಮ್ಮ? ಫ್ಯಾನು ಜಾಸ್ತಿ ಹಾಕಿದ್ನೇ?"

"ನಮ್ಮನೆಯವರನ್ನ ಸಂಜೆ ಹೊತ್ತು ಕೂರಿಸ್ಕೊಳ್ಳಿ ಅಂತ ಕಳ್ಸಿದ್ರೆ, ಎದ್ದು ಹೋಗೋದು ಕಲಿಸಿದ್ರಲ್ಲ, ಅದಕ್ಕೆ."

ಅಮೀನ ಜೇಬಿನಿಂದ ಟೇಪು ತೆಗೆದು ಕೋಣೆಯ ಉದ್ದಗಲ ಅಳೆಯತೊಡಗಿದ. ಅದು ಅಗತ್ಯವಿರಲಿಲ್ಲ, ಅಭ್ಯಾಸ.

ಆ ಸಂಜೆ ಮೇಷ್ಟ್ರು ಮನೆಯಲ್ಲಿ ಊಟ ಮಾಡದೆ ಕೂತರು. ಆ ಕೋಣೆ ಹೋದರೆ ತರಗತಿ ಹೋಯಿತು. ಗಿಟಾರ್ ಎಂದರೆ ಗಲಾಟೆ ಎಂದು ತಿಳಿದವರೇ ಊರೆಲ್ಲ. ದೊಡ್ಡವರು ಥಪ್ ಥಪ್ ಎನ್ನಿಸುವುದನ್ನು ಸಹಿಸಿಕೊಳ್ಳುವ ಇನ್ನೊಂದು ಕಟ್ಟಡ ಸಿಗುವ ಮಾತಿರಲಿಲ್ಲ. ಅಕ್ಕ ಪಾತ್ರೆ ಒರೆಸುತ್ತಾ ಎಲ್ಲವನ್ನೂ ಕೇಳಿದಳು. ಅಕ್ಕನ ಕಿವಿಗೆ ಶ್ರುತಿ ತಿಳಿಯದು. ಹಾಡಿನ ಮಾತು ಒಂದೂ ತಪ್ಪದು.

"ಹೊರಟೆ ನಾನು ಹೊರಟೆ ಅನ್ನೋದಾ? ಅಯ್ಯೋ, ಅದು ವಾಪಸ್ ಬರೋ ಹಾಡಲ್ವೇನೋ!"

"ವಾಪಸ್ಸಾ?"

"ಎರಡನೇ ಚರಣ ಕೇಳಿಲ್ವಾ ನೀನು?

ತಿರುವಿನಾಚೆ ಕಾಲು ನಿಂತು ಮನೆಯ ಕಡೆಗೆ ತಿರುಗಿತು,
ನಿನ್ನ ದೀಪ ಕಂಡ ಮೇಲೆ ದಾರಿ ಚಿಕ್ಕದಾಯಿತು."

ಅಕ್ಕ ಒಂದು ಸ್ವರವನ್ನೂ ಸರಿಯಾಗಿ ಹಿಡಿಯದೆ ಹಾಡಿದಳು. ಹಾಗಾಗಿಯೇ ಇರಬೇಕು, ಮೇಷ್ಟ್ರಿಗೆ ಮೊದಲ ಬಾರಿ ಮಾತುಗಳು ಕೇಳಿಸಿದವು. ಬೆರಳು ಮಡಚುವುದು ನಿಂತಿತು.

"ಅಕ್ಕ, ಈ ಹಾಡಿಗೆ ಅರ್ಥ ಇದೆ!"

"ಎಲ್ಲಾದಕ್ಕೂ ಇರುತ್ತೆ ಕಣೋ."

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಮೇಷ್ಟ್ರು ಬಾಗಿಲಲ್ಲಿದ್ದರು. ಎರಡನೇ ಚರಣವನ್ನು ಪೂರ್ತಿ ಒಪ್ಪಿಸಿದರು. ಅಂಗಡಿಯಮ್ಮ ಶಟರು ಎತ್ತುತ್ತಾ ಕೇಳಿದಳು, ಆದರೆ ಕರಗಲಿಲ್ಲ.

"ಹಾಗಂತ ನೀವು ಹೇಳ್ತೀರಿ. ನಾನು ಅವರ ಬಾಯಲ್ಲಿ ಕೇಳಬೇಕು."

"ಅಷ್ಟೇ ತಾನೇ? ಈಗಲೇ ಹೇಳಿಸ್ತೀನಿ."

"ಬೇಡ. ಹೇಳಿ ಹೇಳಿಸಿದ ಮಾತು ನನಗೆ ಬೇಡ. ಅವರಿಗೆ ಈ ವಿಷಯ ಗೊತ್ತೇ ಆಗಬಾರದು. ಹೊರಟೆ ಅಂತ ಬೀದಿಗೆಲ್ಲ ಹೇಗೆ ಹೇಳಿದ್ರೋ, ಬಂದೆ ಅಂತಾನೂ ಹಾಗೇ ಹೇಳ್ಲಿ. ಹೇಳಿದ್ರೆ ಕೋಣೆ ನಿಮ್ಮದು." ಇಷ್ಟು ಹೇಳಿ ಆಕೆ ಬೆನ್ನು ತಿರುಗಿಸಿ ಡಬ್ಬಿಗಳ ಧೂಳು ಹೊಡೆಯತೊಡಗಿದಳು. ಧೂಳಿಲ್ಲದ ಡಬ್ಬಿಗಳು ಅವು. ಬಟ್ಟೆ ಆಡಿಸುತ್ತಲೇ, "ಮೊದಲೆಲ್ಲ ಇಲ್ಲಿ ನಿಂತು ಅಂಕಿ ಓದೋರು. ಅದೇ ವಾಸಿಯಾಗಿತ್ತು" ಎಂದಳು.

ಮೇಷ್ಟ್ರು ಮಾಸಾಂತ್ಯದ ಭಾನುವಾರಕ್ಕೆ ಬೀದಿಯವರಿಗೆಲ್ಲ ಒಂದು ಕಾರ್ಯಕ್ರಮ ಘೋಷಿಸಿದರು. ಮೀಟರಣ್ಣನಿಗೆ ಹಳೆಯ ಹಾಡನ್ನೇ ವಾಪಸ್ ಕೊಟ್ಟರು. ಆತ ಹಿಗ್ಗಿದ. ಎಫ್ ಮಾತ್ರ ಬಗ್ಗಲಿಲ್ಲ. ತೋರುಬೆರಳಿಗೆ ತಂತಿಯ ಗೆರೆ ಮೂಡಿತು, ಬೆರಳು ಊದಿತು, ಅಂಗಡಿಯಮ್ಮ ಮುಲಾಮು ಹಚ್ಚಿದಳು, ಸದ್ದು ಥಪ್ ಅಂತಲೇ ಉಳಿಯಿತು.

"ಗಿಟಾರ್ ಕೆಳಗಿಟ್ಟು ಬರೀ ಬಾಯಲ್ಲಿ ಎರಡನೇ ಚರಣ ಹಾಡಿ ನೋಡೋಣ" ಎಂದು ಮೇಷ್ಟ್ರು ಉಪಾಯ ಹೂಡಿದರು.

"ಆಗಲ್ಲ ಸಾರ್. ಕೈ ನಿಂತ್ರೆ ನನಗೆ ಬಾಯೂ ನಿಲ್ಲುತ್ತೆ."

ಅಕ್ಕ ಮನೆಯಲ್ಲಿ ದಿನಾ ಅದೇ ಹೇಳಿದಳು. "ಲೋ, ಚಿಕ್ಕ ಎಫ್ ಕೊಡೋ ಆ ಮನುಷ್ಯನಿಗೆ."

"ಮಧ್ಯಮ ದರ್ಜೆಯಲ್ಲಿ ಚಿಕ್ಕ ಎಫ್? ಗೋಡೆ ಮೇಲೆ ಪ್ರಮಾಣಪತ್ರ ಇದೆ ಅಕ್ಕ."

"ಕೋಣೆ ಹೋದ ಮೇಲೆ ಯಾವ ಗೋಡೆಗೆ ನೇತು ಹಾಕ್ತೀಯ?"

ಮೇಷ್ಟ್ರ ಬಳಿ ಸಿದ್ಧಾಂತವಿತ್ತು, ಮತ್ತು ಸಿದ್ಧಾಂತ ಇರುವವರಿಗೆ ಉತ್ತರ ತಕ್ಷಣಕ್ಕೆ ಬೇಕಾಗುವುದಿಲ್ಲ.

ಭಾನುವಾರ ಕೋಣೆ ಕಿಕ್ಕಿರಿಯಿತು. ಜಾಗ ಸಾಲದೆ ಮೆಟ್ಟಿಲ ಮೇಲೂ ಜನ. ಮೀಟರಣ್ಣ ಅಂದು ನಿಜಕ್ಕೂ ಹೊರಟೇಬಿಡುತ್ತಾನೆ, ಹಾಡು ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ ಎಂಬ ಸುದ್ದಿ ಇಸ್ತ್ರಿ ಅಂಗಡಿಯಿಂದ ಹೊರಟು ಊರು ಸುತ್ತಿ ಬಂದಿತ್ತು. ಹೆಗಲ ಚೀಲ ಮೂಲೆಯಲ್ಲಿ ಇದ್ದದ್ದು ಅನುಮಾನಕ್ಕೆ ಪುಷ್ಟಿ ಕೊಟ್ಟಿತು. ಮುಂದಿನ ಸಾಲಿನಲ್ಲಿ ಅಂಗಡಿಯಮ್ಮ, ಒಂದು ಪಕ್ಕ ಅಮೀನ, ಇನ್ನೊಂದು ಪಕ್ಕ ರೈಲ್ವೆ ಅಜ್ಜಿ.

ಮೊದಲು ಹಲ್ಲಿನ ಡಾಕ್ಟರು. "ತಾಳಲಾರೆ" ಎಂದರು, ಥಪ್ ಎನ್ನಿಸಿದರು, ಥಪ್ಪನ್ನೇ ಎಫ್ ಎಂದು ಭಾವಿಸಿ ಮುಂದುವರಿದು ಮುಗಿಸಿದರು. ಹಾಡಿನ ಎರಡನೇ ಭಾಗದಲ್ಲಿ ನೋವು ಪೂರ್ತಿ ವಾಸಿಯಾಗುತ್ತದೆ ಎಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಇಬ್ಬರು ಅಲ್ಲೇ ದವಡೆ ತೋರಿಸಿ ಸಮಯ ಗೊತ್ತುಮಾಡಿಕೊಂಡರು.

ಆಮೇಲೆ ಮೀಟರಣ್ಣ. ಸ್ಟೂಲಿನ ಮೇಲೆ ಕೂತ, ಗಂಟಲು ಸರಿ ಮಾಡಿಕೊಂಡ.

"ಹೊರಟೆ ನಾನು ಹೊರಟೆ, ಬೀಗದ ಕೈ ಮೊಳೆಗೆ ಹಾಕಿ..."

ಅಂಗಡಿಯಮ್ಮನ ಕೈ ಸೊಂಟದ ಬೀಗದ ಕೈ ಮೇಲೆ ಹೋಯಿತು.

"ಇನ್ನು ನನ್ನ ಚಪ್ಪಲಿ ಸದ್ದು ನಿನ್ನ ಮೆಟ್ಟಿಲಿಗಿಲ್ಲ..."

ಥಪ್.

"ಒಂದ್ನಿಮಿಷ" ಎಂದ ಮೀಟರಣ್ಣ. ಮತ್ತೆ ಮೊದಲಿನಿಂದ ಹೊರಟ. ಮತ್ತೆ ಥಪ್. ಮೆಟ್ಟಿಲ ಮೇಲಿನವರು ಕೆಳಗಿನವರಿಗೆ ಸುದ್ದಿ ದಾಟಿಸಿದರು. ಮೂರನೇ ಬಾರಿ ಹೊರಟಾಗ ಹಣೆಯಿಂದ ಬೆವರು ಗಿಟಾರಿನ ಮೇಲೆ ಬಿತ್ತು. ತಲೆ ಎತ್ತಿ ಹೆಂಡತಿಯನ್ನು ನೋಡಿದ. ಆಕೆ ತನ್ನನ್ನು ಯಾಕೆ ಹಾಗೆ ನೋಡುತ್ತಿದ್ದಾಳೆ ಎಂದು ಆ ಬಡಪಾಯಿಗೆ ತಿಳಿಯಲಿಲ್ಲ. ಊದಿದ ಬೆರಳಿಗೆ ಮರುಗುತ್ತಿದ್ದಾಳೆ ಎಂದುಕೊಂಡು ಮುಗುಳ್ನಕ್ಕ.

ಥಪ್.

"ದಯವಿಟ್ಟು ಗಮನಿಸಿ" ಎಂದು ಶುರುಮಾಡಿದರು ರೈಲ್ವೆ ಅಜ್ಜಿ, ತಡೆಯಲಾರದೆ. ಅಮೀನ ಎದ್ದು ನಿಂತು ಜೇಬಿನ ಟೇಪಿಗೆ ಕೈ ಹಾಕಿದ. ಅಂಗಡಿಯಮ್ಮನೂ ಸೆರಗು ಸರಿಮಾಡಿಕೊಂಡು ಏಳತೊಡಗಿದಳು. ಆಕೆಯ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಅದನ್ನು ನೋಡಿದರು. ಅದು ಯಾವ ಕಾರ್ಡೂ ಆಗಿರಲಿಲ್ಲ, ಲೆಕ್ಕಕ್ಕೆ ಸಿಗಲಿಲ್ಲ. ಪ್ರಮಾಣಪತ್ರದ ಕೆಳಗೇ ನಿಂತಿದ್ದ ಅವರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಕಟ್ಟಡ ಅದುರುವಂತೆ ಕೂಗಿದರು:

"ಚಿಕ್ಕ ಎಫ್ ಹಾಕ್ರೀ! ಚಿಕ್ಕದು ಹಾಕ್ರೀ ಮೀಟರಣ್ಣ!"

ಹಿಂದಿನ ಸಾಲಿನಲ್ಲಿ ಅಕ್ಕ "ಅಬ್ಬಾ" ಎಂದದ್ದು ಎಲ್ಲರಿಗೂ ಕೇಳಿಸಿತು.

ಮೀಟರಣ್ಣ ಮೇಷ್ಟ್ರನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದ. ಆದರೆ ಬೆರಳುಗಳು ಅಪ್ಪಣೆಗೆ ಕಾಯಲಿಲ್ಲ. ಮೊದಮೊದಲು ಕಲಿತದ್ದು ಅವಕ್ಕೆ ನೆನಪಿತ್ತು. ತವರಿಗೆ ಹೋದಂತೆ ಹೋಗಿ ನಾಲ್ಕು ತಂತಿಗಳ ಮೇಲೆ ಕೂತವು. ಎಫ್ ಮೊಳಗಿತು. ಪುಟ್ಟದಾಗಿ, ಸ್ವಚ್ಛವಾಗಿ.

"ತಿರುವಿನಾಚೆ ಕಾಲು ನಿಂತು ಮನೆಯ ಕಡೆಗೆ ತಿರುಗಿತು,
ನಿನ್ನ ದೀಪ ಕಂಡ ಮೇಲೆ ದಾರಿ ಚಿಕ್ಕದಾಯಿತು."

ಕೋಣೆ ಉಸಿರು ಬಿಟ್ಟಿತು. ಅಂಗಡಿಯಮ್ಮ ಎದ್ದವಳು ಅಲ್ಲೇ ಕೂತಳು. ಅಮೀನ, ತನ್ನ ವೃತ್ತಿಜೀವನದಲ್ಲೇ ಒಬ್ಬ ಮನುಷ್ಯ ಮನೆಗೆ ಮರಳಿದ್ದನ್ನು ಮೊದಲ ಬಾರಿ ಕಂಡು, ಟೇಪಿನಿಂದಲೇ ಕಣ್ಣೊರೆಸಿಕೊಂಡ. "ಗಾಡಿ ಬಂತು" ಎಂದು ಪ್ರಕಟಿಸಿದರು ಅಜ್ಜಿ. ಮೆಟ್ಟಿಲುಗಳುದ್ದಕ್ಕೂ "ಬಂದನಂತೆ, ಬಂದನಂತೆ" ಎಂಬ ಮಾತು ಇಳಿದುಹೋಯಿತು. ಕೆಲವರಿಗೆ ನಿರಾಶೆಯಾದದ್ದೂ ವಾಸ್ತವ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ತಿಂಗಳುಗಟ್ಟಲೆ ಒಂದೇ ಬಾಗಿಲಿಗೆ ತಲೆ ಚಚ್ಚಿಕೊಂಡು ಕೊನೆಗೂ ಒಳನುಗ್ಗಿದವನು ಅಲ್ಲೇ ನಿಲ್ಲುತ್ತಾನೆಯೇ? ಹಾಡಿಗೆ ಮೂರನೇ ಚರಣವಿತ್ತು. ಅದಕ್ಕೂ ಮೊದಲನೆಯದರ ಕಾರ್ಡ್‌ಗಳೇ. ಆದ್ದರಿಂದ ಅದರಲ್ಲಿ ಏನಿದೆ ಎಂದು ಮೇಷ್ಟ್ರು ವಿಚಾರಿಸಿರಲೇ ಇಲ್ಲ. ಮೀಟರಣ್ಣ ಕಣ್ಣು ಮುಚ್ಚಿ, ದನಿ ಎತ್ತಿ, ಯಾವ ಅಡ್ಡಿಯೂ ಇಲ್ಲದೆ ಹಾಡಿದ:

"ಬೆಳಗಾಯಿತು ಬೆಳಗಾಯಿತು, ಮತ್ತೆ ಹೊರಟೆ ನಾನು..."

ಮೇಷ್ಟ್ರು ಗಾಬರಿಯಿಂದ ಅಕ್ಕನತ್ತ ತಿರುಗಿದರು. "ನೀನು ವಾಪಸ್ಸಾ ಅಂದೆ, ಎರಡನೇದು ಹೇಳ್ದೆ. ಮೂರನೇದು ಕೇಳ್ಲಿಲ್ವಲ್ಲ" ಎಂದಳು ಅಕ್ಕ.

ಅಂಗಡಿಯಮ್ಮ ಎದ್ದಳು. ನೇರ ಹೋಗಿ, ಮೀಟುತ್ತಿದ್ದ ತಂತಿಗಳ ಮೇಲೆ ಅಂಗೈ ಇಟ್ಟಳು. ಥಪ್.

"ಸಾಕು ನಿಲ್ಸ್ರೀ! ಈಗ ತಾನೇ ಮನೆಗೆ ಬಂದ್ರಲ್ಲ, ಮತ್ತೆಲ್ಲಿಗೆ ಸವಾರಿ?"

"ನಾನೆಲ್ಲಿಗೆ ಹೋಗ್ಲಿ ಕಣೇ?" ಎಂದ ಮೀಟರಣ್ಣ, ಪ್ರಾಮಾಣಿಕ ಆಶ್ಚರ್ಯದಿಂದ. "ಬೀಗದ ಕೈ ಬೇರೆ ನಿನ್ನ ಹತ್ರ ಇದೆ."

ನಗು ಮೆಟ್ಟಿಲಿಳಿದು ಬೀದಿಯವರೆಗೆ ಹೋಯಿತು. ಅಂಗಡಿಯಮ್ಮನೂ ನಕ್ಕಳು, ಕಣ್ಣೊರೆಸಿಕೊಂಡೇ.

ಮರುದಿನ ಮೇಷ್ಟ್ರು ಏಣಿ ಹಾಕಿಕೊಂಡು ಬೋರ್ಡಿನ ಮೇಲಿನ "ಪೂರ್ಣ" ಮತ್ತು "ಮಾತ್ರ" ಎರಡಕ್ಕೂ ಬಣ್ಣ ಬಳಿಯುತ್ತಿದ್ದಾಗ ಕೆಳಗಿನಿಂದ ಯಾರೋ ಏಣಿ ತಟ್ಟಿದರು. ಅಂಗಡಿಯಮ್ಮ. ಹೆಗಲ ಮೇಲೆ ಗಂಡನ ಹೊಸ ಚೀಲ, ಅದರೊಳಗೆ ಗಿಟಾರು. ಎಡಗೈಯ ಉಗುರುಗಳು ಆಗತಾನೆ ಕತ್ತರಿಸಿದಂತಿದ್ದವು.

"ಮೇಷ್ಟ್ರೇ, ನನಗೂ ಕಲಿಸಿ. ಅಂಗಡಿ ಸಂಜೆ ಹೊತ್ತು ಅವರು ನೋಡ್ಕೊಳ್ತಾರೆ. ಅಂಕಿ ಓದಕ್ಕೆ ಬರುತ್ತಲ್ಲ."

ಮೇಷ್ಟ್ರು ಹಿಗ್ಗಿ ಇಳಿದು ಬಂದರು. "ಅದಕ್ಕೇನಮ್ಮ! ಆದ್ರೆ ಮೊದಲೇ ಹೇಳ್ತೀನಿ, ಇನ್ಮೇಲೆ ನಾನು ಮಾತು ಕೇಳಿ, ಅರ್ಥ ನೋಡಿ, ಮೂರು ಚರಣಾನೂ ಓದಿಯೇ ಹಾಡು ಆರಿಸೋದು. ನಿಮಗೆ ಯಾವುದು ಕೊಡ್ಲಿ ಅಂತ..."

"ನೀವು ಆರಿಸೋದು ಬೇಡ. ನಾನು ಆರಿಸಿ ಆಗಿದೆ. ಅವರದೇ ಹಾಡು."

"ಒಳ್ಳೇದಾಯ್ತು! ಹಾಗಾದ್ರೆ ಮೊದಲು ಚಿಕ್ಕ ಎಫ್..."

"ಎಫ್ ಬೇಡ ಮೇಷ್ಟ್ರೇ" ಎಂದಳು ಅಂಗಡಿಯಮ್ಮ, ಕೋಣೆಯೊಳಗೆ ಕಾಲಿಡುತ್ತಾ. "ನನಗೆ ಮೊದಲನೇ ಚರಣ ಒಂದಿದ್ರೆ ಸಾಕು. ಬಾಲ್ಕನಿಯಲ್ಲಿ ಕೂತು ಬಾರಿಸ್ಬೇಕು."